ಮನೆವಣದಿಂದ ಮನೆ ಕಂದಾಯದವರೆಗೆ

ಮೈಸೂರಿನಿಂದ ಹೊರಟು ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟ್ ದಾಟಿ ಮಾನಂದವಾಡಿಯ ಹಾದಿ ಹಿಡಿದರೆ ಸಿಗುವ ಹೋಬಳಿ ಕೇಂದ್ರ ಅಂತರಸಂತೆ. ಒಂದು ಕಡೆ ಕಬಿನಿಯ ಹಿನ್ನೀರು, ಇನ್ನೊಂದು ಕಡೆ ಕಾಡಿನ ಅಂಚು, ನಡುವೆ ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು. ಹೆಸರಿನಲ್ಲೇ ಸಂತೆಯನ್ನು ಇಟ್ಟುಕೊಂಡ ಊರು. ಸಂತೆ ಇದ್ದಲ್ಲಿ ಸುಂಕವಿರುತ್ತದೆ. ಸುಂಕವಿದ್ದಲ್ಲಿ ಬಾಕಿ ಇದ್ದೇ ಇರುತ್ತದೆ.

ಮಾರ್ಚ್ ತಿಂಗಳು ಬಂತೆಂದರೆ ಇಂಥ ಊರುಗಳಲ್ಲಿ ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಮನೆ ಕಂದಾಯದ ಬಾಕಿ ವಸೂಲಿಗಾಗಿ ಬೀದಿಗೆ ಇಳಿಯುತ್ತಾನೆ. ಆರ್ಥಿಕ ವರ್ಷ ಮುಗಿಯುವುದರೊಳಗೆ ಗುರಿ ಮುಟ್ಟಬೇಕು. ಅವನಿಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಮೂರು ಬಗೆಯವು. “ಈಗ ಎಲ್ಲಿಂದ ತರಾನ ಕಣಪ್ಪ, ಬೇಸಾಯಕ್ಕೇ ಕಾಸಿಲ್ಲ, ಹತ್ತಿ ಮಾರಾಗಂಟ ತಡಿ” ಎಂಬುದು ಒಂದು. “ನಲ್ಲೀಲಿ ನೀರು ಬಂದು ಎಂಟು ದಿವಸ ಆಯ್ತು, ಯಾವ ಮೊಕ ಇಟ್ಕೊಂಡು ಕಂದಾಯ ಕೇಳಕ್ಕೆ ಬಂದಿದ್ದೀಯೆ?” ಎಂಬುದು ಇನ್ನೊಂದು. ಮೂರನೆಯದು ಹೆಚ್ಚು ಕೇಳಿಸದ, ಆದರೆ ಹೆಚ್ಚು ಯೋಚಿಸಬೇಕಾದ ಉತ್ತರ: “ನಮ್ಮ ಮನೆ ನಿಮ್ಮ ಪುಸ್ತಕದಲ್ಲೇ ಇಲ್ವಲ್ಲಣ್ಣ, ಯಾರ ಹೆಸರಿಗೆ ಕಟ್ಟಾನ?”

ಮೇಲುನೋಟಕ್ಕೆ ಇವು ನೆಪಗಳಂತೆ ಕಾಣುತ್ತವೆ. ಕೆಲವು ಸಲ ನೆಪಗಳೇ ಆಗಿರಬಹುದು. ಆದರೆ ತೆರಿಗೆಯ ಚರಿತ್ರೆಯನ್ನು ತಿರುವಿ ಹಾಕಿದರೆ ಈ ಮೂರು ಉತ್ತರಗಳು ಎಷ್ಟು ಹಳೆಯವೆಂಬುದು ತಿಳಿಯುತ್ತದೆ. ಕಾಲ ಸರಿಯಿಲ್ಲ, ಪ್ರತಿಫಲ ಕಾಣುತ್ತಿಲ್ಲ, ಲೆಕ್ಕ ಸರಿಯಿಲ್ಲ – ಪ್ರಜೆಯ ತಕರಾರು ಯಾವ ಕಾಲದಲ್ಲೂ ಇಷ್ಟೇ. ಈ ಮೂರನ್ನು ಸರಿಪಡಿಸಿದ ಆಡಳಿತಕ್ಕೆ ಬಾಕಿ ತಾನಾಗಿ ಬಂದಿದೆ. ಇವನ್ನು ಬಿಟ್ಟು ಬೆತ್ತ ಹಿಡಿದ ಆಡಳಿತ ಬಾಕಿಯ ಜೊತೆಗೆ ಗದ್ದುಗೆಯನ್ನೂ ಕಳೆದುಕೊಂಡದ್ದುಂಟು. ಅದಕ್ಕೆ ನಮ್ಮ ಮೈಸೂರು ಸಂಸ್ಥಾನವೇ ಸಾಕ್ಷಿ.

ಪುಸ್ತಕದೊಳಗಿನ ಮನೆ

ಅಂತರಸಂತೆಯ ಸೀಮೆ ತೆರಿಗೆಯ ಚರಿತ್ರೆಗೆ ಹೊಸದೇನಲ್ಲ. ಕಬಿನಿಯ ದಂಡೆಯ ಕಿತ್ತೂರು ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವಾಗಿತ್ತು. ಅದು ಇಂದು ಜಲಾಶಯದ ನೀರಿನಡಿ ಇದೆ. ಆ ನಾಡನ್ನು ಶಾಸನಗಳು ‘ಪುನ್ನಾಡು ಆರು ಸಾವಿರ’ ಎಂದು ಕರೆದಿವೆ. ಗಂಗವಾಡಿ ತೊಂಬತ್ತಾರು ಸಾವಿರ, ಬನವಾಸಿ ಹನ್ನೆರಡು ಸಾವಿರ ಎಂಬ ಹೆಸರುಗಳೂ ಇದೇ ಬಗೆಯವು. ಈ ಸಂಖ್ಯೆ ಹಳ್ಳಿಗಳದ್ದೋ, ನಾಡಿನಿಂದ ಬರುತ್ತಿದ್ದ ಹುಟ್ಟುವಳಿಯದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ಇದೆ. ಯಾವುದೇ ಆಗಲಿ, ಎಣಿಸದೆ ಆಳುವುದು ಸಾಧ್ಯವಿಲ್ಲ ಎಂಬ ಅರಿವು ಆ ಹೆಸರುಗಳಲ್ಲೇ ಅಡಗಿದೆ.

ಈ ಅರಿವನ್ನು ಶಾಸ್ತ್ರವಾಗಿ ಬರೆದಿಟ್ಟವನು ಕೌಟಿಲ್ಯ. ಅವನ ‘ಅರ್ಥಶಾಸ್ತ್ರ’ದ ಹಸ್ತಪ್ರತಿ ಶತಮಾನಗಳ ಕಾಲ ಕಣ್ಮರೆಯಾಗಿದ್ದು ಮತ್ತೆ ಬೆಳಕು ಕಂಡದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಅದರಲ್ಲಿ ‘ಗೋಪ’ ಎಂಬ ಅಧಿಕಾರಿಯ ಮಾತು ಬರುತ್ತದೆ. ಐದು ಅಥವಾ ಹತ್ತು ಹಳ್ಳಿಗಳಿಗೆ ಒಬ್ಬ ಗೋಪ. ಹಳ್ಳಿಯ ಎಲ್ಲೆ, ಹೊಲ, ತೋಟ, ದಾರಿ ಎಲ್ಲವನ್ನೂ ಗುರುತಿಸಿ, ತೆರಿಗೆ ಕೊಡುವ ಮನೆ ಯಾವುದು, ವಿನಾಯಿತಿ ಪಡೆದ ಮನೆ ಯಾವುದು ಎಂದು ಬೇರ್ಪಡಿಸಿ ಬರೆಯುವುದು ಅವನ ಕೆಲಸ. ಅವನು ಬರೆದದ್ದು ನಿಜವೇ ಎಂದು ನೋಡಲು ಗೃಹಸ್ಥರ ವೇಷದಲ್ಲಿ ಗೂಢಚಾರರನ್ನು ಕಳಿಸುವ ಏರ್ಪಾಡೂ ಇತ್ತು. ಕೌಟಿಲ್ಯನ ಸಂಶಯ ಪ್ರಜೆಯ ಮೇಲಷ್ಟೇ ಅಲ್ಲ, ಲೆಕ್ಕ ಬರೆಯುವವನ ಮೇಲೂ ಇತ್ತೆಂಬುದು ಗಮನಾರ್ಹ.

ಮುಂದಿನ ಕಾಲದ ಕನ್ನಡ ಶಾಸನಗಳಲ್ಲಿ ತೆರಿಗೆಗಳ ಹೆಸರು ಒಂದೇ ಎರಡೇ? ಸಿದ್ಧಾಯ, ಹೆಜ್ಜುಂಕ, ಕಿರುಕುಳ, ಮಗ್ಗದೆರೆ, ಗಾಣದೆರೆ ಇತ್ಯಾದಿ. ಅವುಗಳ ನಡುವೆ ‘ಮನೆವಣ’ ಎಂಬುದೊಂದು ಇದೆ. ಮನೆಗೆ ಇಷ್ಟು ಪಣ ಎಂದು ಕೊಡುತ್ತಿದ್ದ ತೆರಿಗೆ ಅದು. ಇಂದಿನ ಮನೆ ಕಂದಾಯಕ್ಕೆ ಅದನ್ನೇ ಮೂಲಪುರುಷ ಎನ್ನಬಹುದು. ಬಾಕಿದಾರನ ವಿಷಯದಲ್ಲಿ ಹಿಂದಿನವರು ಮೃದುವಾಗಿದ್ದರೆಂದೇನೂ ಅಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ, ದಕ್ಷಿಣ ಮೈಸೂರು ಚೋಳರ ಕೈಗೆ ಸಿಕ್ಕ ಕಾಲಕ್ಕೆ, ರಾಜರಾಜ ಚೋಳ ಹೊರಡಿಸಿದ ಆಜ್ಞೆಯೊಂದು ತಮಿಳುನಾಡಿನ ಉಕ್ಕಲ್ ಶಾಸನದಲ್ಲಿ ಉಳಿದಿದೆ. ತೆರಿಗೆ ಉಳಿಸಿಕೊಂಡವರ ಭೂಮಿಯನ್ನು ಊರವರೇ ವಶಪಡಿಸಿಕೊಂಡು ಮಾರಬಹುದು ಎಂಬುದು ಅದರ ಸಾರ. ಜಪ್ತಿಯ ಅಧಿಕಾರ ದೂರದ ಅರಮನೆಯ ಅಧಿಕಾರಿಗಲ್ಲ, ಊರಿಗೆ ಎಂಬುದನ್ನು ಗಮನಿಸಬೇಕು.

ಆಮೇಲೆ ಬಂದವರು ನಮ್ಮ ಶಾನುಭೋಗರು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಮಾಡಿದ ಕಡತದ ಮೇಲೆ ಬಳಪದಲ್ಲಿ ಊರಿನ ಲೆಕ್ಕ ಬರೆದಿಟ್ಟವರು. ಅವರ ಬಗ್ಗೆ ಊರಿನಲ್ಲಿ ಗೌರವದಷ್ಟೇ ಭಯವೂ ಇತ್ತು. ಬಳಪದ ಒಂದು ಗೆರೆ ಒರೆಸಿದರೆ ಒಬ್ಬನ ಬಾಕಿ ಮಾಯವಾಗುತ್ತಿತ್ತು, ಒಂದು ಗೆರೆ ಎಳೆದರೆ ಇನ್ನೊಬ್ಬನ ತಲೆಯ ಮೇಲೆ ಕೂರುತ್ತಿತ್ತು. ವಂಶಪಾರಂಪರ್ಯವಾಗಿ ಬಂದ ಪಟೇಲ, ಶಾನುಭೋಗ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿತು. ಆದರೆ ಲೆಕ್ಕದ ಸಮಸ್ಯೆ ಕಡತದೊಂದಿಗೆ ಹೋಗಲಿಲ್ಲ.

ಶರತ್ತಿನ ಅಮಲ್ದಾರರು

ಬಾಕಿ ವಸೂಲಿಗೆ ಬಲಪ್ರಯೋಗವೇ ಮದ್ದು ಎನ್ನುವವರು 1831ರ ಮೈಸೂರಿನ ಕಥೆಯನ್ನು ಓದಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ‘ಶರತ್ತು’ ಎಂಬ ಪದ್ಧತಿ ನಡೆಯುತ್ತಿತ್ತು. ತಾಲ್ಲೂಕಿನಿಂದ ಇಂತಿಷ್ಟು ಹಣ ವಸೂಲು ಮಾಡಿ ಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆಯಾದರೆ ಕೈಯಿಂದ ತುಂಬಿಕೊಡಬೇಕು, ಹೆಚ್ಚಾದರೆ ಅದೂ ಖಜಾನೆಗೆ. ಒಪ್ಪಿಕೊಳ್ಳುವ ಮೊತ್ತವಂತೂ ಸಾಮಾನ್ಯವಾಗಿ ಹಿಂದಿನ ವರ್ಷಕ್ಕಿಂತ ಹೆಚ್ಚು. ಹೊಸ ತೆರಿಗೆ ಹಾಕುವುದಿಲ್ಲ, ರೈತರನ್ನು ಪೀಡಿಸುವುದಿಲ್ಲ ಎಂಬ ಮಾತೂ ಮುಚ್ಚಳಿಕೆಯಲ್ಲಿ ಇರುತ್ತಿತ್ತು. ಅದನ್ನು ಮುರಿದವನನ್ನು ಕೇಳುವವರು ಮಾತ್ರ ಇರಲಿಲ್ಲ.

ಪರಿಣಾಮವನ್ನು ಊಹಿಸಬಹುದು. ರೈತ ಬಡವನಾದ. ಅವನನ್ನು ಹಿಂಡಿದರೂ ಲೆಕ್ಕ ತುಂಬದೆ ಅಮಲ್ದಾರನೂ ಎಷ್ಟೋ ಸಲ ನಷ್ಟಕ್ಕೆ ಬಿದ್ದ. ಖಜಾನೆಯ ಮುಗ್ಗಟ್ಟು ಇನ್ನಷ್ಟು ಬಿಗಡಾಯಿಸಿತು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಮುಂದಿಟ್ಟುಕೊಂಡು 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಒಡೆಯರ ಮನೆತನಕ್ಕೆ ಆಡಳಿತ ಮರಳಿ ಸಿಕ್ಕಿದ್ದು 50 ವರ್ಷಗಳ ನಂತರ, 1881ರಲ್ಲಿ. ಬ್ರಿಟಿಷರ ಕಣ್ಣು ಮೈಸೂರಿನ ಮೇಲೆ ಮೊದಲೇ ಇತ್ತೆಂಬುದು ಬೇರೆ ಮಾತು. ಅವರಿಗೆ ಬಾಗಿಲು ತೆರೆದುಕೊಟ್ಟದ್ದು ಮಾತ್ರ ಕುರುಡು ವಸೂಲಿಯೇ.

ಹಾಗೆಂದು ಕಂಪನಿ ಸರ್ಕಾರದ ಕೈಗಳು ಚೊಕ್ಕಟವಾಗಿದ್ದವೆಂದು ಭಾವಿಸಬೇಕಿಲ್ಲ. ಬಳ್ಳಾರಿ, ದಕ್ಷಿಣ ಕನ್ನಡಗಳೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗಾಗಿ ನಡೆಯುತ್ತಿದ್ದ ಚಿತ್ರಹಿಂಸೆಯ ವಿಚಾರಣೆಗೆ ಆಯೋಗವನ್ನೇ ನೇಮಿಸಬೇಕಾಯಿತು. ಬಾಕಿದಾರನನ್ನು ಬಗ್ಗಿಸಿ ಕಟ್ಟಿಹಾಕಿ ಬಿಸಿಲಲ್ಲಿ ನಿಲ್ಲಿಸುವುದು, ಬೆರಳುಗಳನ್ನು ಮರದ ಇಕ್ಕುಳಕ್ಕೆ ಕೊಟ್ಟು ಒತ್ತುವುದು ಮುಂತಾದ ಕ್ರೌರ್ಯಗಳು 1855ರ ಅದರ ವರದಿಯಲ್ಲಿ ದಾಖಲಾಗಿವೆ. ಕೆಳಗಿನ ನೌಕರ ಹೊಡೆಯುತ್ತಿದ್ದ, ಮೇಲಿನ ಅಧಿಕಾರಿ ಗುರಿ ಮುಟ್ಟಿತೇ ಎಂದಷ್ಟೇ ಕೇಳುತ್ತಿದ್ದ. ಗುರಿಯೊಂದನ್ನೇ ಕೇಳುವ ಆಡಳಿತ ದಾರಿಯನ್ನು ಕೇಳುವುದಿಲ್ಲ. ಇಂದಿಗೂ ಈ ಮಾತಿಗೆ ಬೆಲೆ ಇದೆ.

ಐದು ಕಂತುಗಳ ಪಾಠ

ಮೈಸೂರಿನ ಕಮಿಷನರ್ ಆಗಿ 1834ರಿಂದ 1861ರವರೆಗೆ ಇದ್ದ ಮಾರ್ಕ್ ಕಬ್ಬನ್‌ಗೆ ಸಿಕ್ಕಿದ್ದು ಇಂಥ ಹರಿದ ಜೋಳಿಗೆ. ಬೆಂಗಳೂರಿನ ಉದ್ಯಾನದಿಂದ ನಾವು ನೆನಪಿಟ್ಟುಕೊಂಡಿರುವ ಈತನ ಕಂದಾಯ ಸುಧಾರಣೆಗಳು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಆತ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತೆರಿಗೆಗಳ ಕಳೆ ಕೀಳುವುದು. ಅವನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಮಗುವಿನ ತಲೆಗೂದಲು ತೆಗೆಸಿದರೂ ತೆರಿಗೆ! ಒಂದು ಹಳ್ಳಿಯವರು ತಮ್ಮ ಪೂರ್ವಿಕರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರಿಗೆ ಕಟ್ಟುತ್ತಿದ್ದರಂತೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದವನೂ ತೆರಿಗೆ ಕೊಡಬೇಕಿತ್ತು. ಕಾರಣ ಸತ್ತು ಹೋದ ಮೇಲೂ ತೆರಿಗೆ ಬದುಕಿರುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಎರಡನೆಯ ಸುಧಾರಣೆ ಇನ್ನೂ ಸರಳ, ಇನ್ನೂ ಮುಖ್ಯ. ಕಂದಾಯವನ್ನು ಸುಗ್ಗಿಯ ಕಾಲಕ್ಕೆ ಹೊಂದಿಸಿ ಐದು ಕಂತುಗಳಲ್ಲಿ ಕಟ್ಟುವ ಅವಕಾಶ ಕೊಡಲಾಯಿತು. ಬೆಳೆ ಮಾರುವ ಮುನ್ನವೇ ಕಂದಾಯ ಕೇಳಿದರೆ ರೈತ ಸಾಹುಕಾರನ ಮನೆ ಬಾಗಿಲಿಗೆ ಹೋಗುತ್ತಾನೆ. ಮುಂದಿನ ವರ್ಷ ಸಾಹುಕಾರನ ಬಡ್ಡಿಯೂ ಸರ್ಕಾರದ ಬಾಕಿಯೂ ಒಟ್ಟಿಗೆ ಅವನ ಕುತ್ತಿಗೆಗೆ ಬೀಳುತ್ತವೆ. ಕೈಯಲ್ಲಿ ಕಾಸು ಇರುವಾಗ ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ಕಬ್ಬನ್‌ನ ಆಡಳಿತ ಮುಗಿಯುವ ಹೊತ್ತಿಗೆ ತೆರಿಗೆಗಳ ಸಂಖ್ಯೆ ತಗ್ಗಿತ್ತು, ರಾಜ್ಯದ ಹುಟ್ಟುವಳಿ ಮಾತ್ರ ಹತ್ತಿರ ಹತ್ತಿರ ಇಮ್ಮಡಿಯಾಗಿತ್ತು. ಹೆಚ್ಚಳಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಶರತ್ತಿನ ಪದ್ಧತಿ ಸಾಧಿಸಲಾಗದ್ದನ್ನು ಕಂತಿನ ಪದ್ಧತಿ ಸಾಧಿಸಿತು.

ಇದೇ ಪಾಠದ ಇನ್ನೊಂದು ಮುಖ 1837ರಲ್ಲಿ ಪಕ್ಕದ ಸೀಮೆಯಲ್ಲಿ ಕಂಡಿತು. ಕೊಡಗನ್ನು ಗೆದ್ದ ಬ್ರಿಟಿಷರು ಅಮರ ಸುಳ್ಯದ ಪ್ರದೇಶವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ದವಸದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಗದು ತರಬೇಕಾಯಿತು. ಕಲ್ಯಾಣಸ್ವಾಮಿಯ ದಂಗೆಗೆ ಜನ ಸೇರಿದ್ದಕ್ಕೆ ಈ ಬದಲಾವಣೆಯೂ ಒಂದು ಕಾರಣವಾಗಿತ್ತು. ತೆರಿಗೆ ಎಷ್ಟು ಎಂಬುದರಷ್ಟೇ ಮುಖ್ಯವಾದುದು ಯಾವಾಗ, ಯಾವ ರೂಪದಲ್ಲಿ ಎಂಬುದು.

ಈಗ ಅಂತರಸಂತೆಗೆ ಮರಳೋಣ. ಈ ಸೀಮೆಯ ರೈತನ ಕೈಗೆ ಹಣ ಬರುವುದು ಯಾವಾಗ? ಹತ್ತಿ ಬಿಡಿಸಿ ಮಾರಿದಾಗ, ಮಳೆಗಾಲ ಮುಗಿಯುತ್ತ ಹೊಗೆಸೊಪ್ಪಿನ ಹರಾಜು ಕಟ್ಟೆಗಳು ತೆರೆದಾಗ. ಮಾರ್ಚ್, ಏಪ್ರಿಲ್‌ಗಳಲ್ಲಿ ಅವನು ಗೊಬ್ಬರ, ಬೀಜ, ಉಳುಮೆಗೆ ಖರ್ಚು ಮಾಡುತ್ತಿರುತ್ತಾನೆ. ನಮ್ಮ ಆರ್ಥಿಕ ವರ್ಷ ಮುಗಿಯುವುದೂ ವಸೂಲಿಯ ಅಬ್ಬರ ಏಳುವುದೂ ಸರಿಯಾಗಿ ಆ ದಿನಗಳಲ್ಲೇ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇಕಡಾ 5 ರಿಯಾಯಿತಿ ಎಂಬ ಬೆಂಗಳೂರಿನ ಕ್ರಮ ಸಂಬಳದಾರರ ನಗರಕ್ಕೆ ಒಪ್ಪುತ್ತದೆ. ಹೊಲವನ್ನು ನಂಬಿದ ಊರಿಗೆ ರಿಯಾಯಿತಿಯ ತಿಂಗಳು ಬೇರೆಯೇ ಆಗಬೇಡವೇ? ಕಬ್ಬನ್‌ಗೆ ಹೊಳೆದ ಸಂಗತಿ ನಮ್ಮ ಕ್ಯಾಲೆಂಡರಿಗೆ ಹೊಳೆಯದೆ ಹೋಗಬಾರದು.

ನೀರು ಕಂಡರೆ ತೆರಿಗೆ

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯ ಮಾತು ಬಂದಲ್ಲೆಲ್ಲ ಒಂದು ಅಚ್ಚುಕಟ್ಟಾದ ಒಪ್ಪಂದ ಕಾಣುತ್ತದೆ. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ‘ಕಟ್ಟುಗೊಡಗೆ’ಯಾಗಿ ಭೂಮಿ. ಕೆರೆಯ ಪೋಷಣೆಗೆ ‘ಬಿತ್ತುವಟ್ಟ’. ಊರಿನ ಉತ್ಪತ್ತಿಯ ಒಂದು ಪಾಲು ಊರಿನ ಕಣ್ಣೆದುರಿನ ಕೆರೆಗೇ ಹೋಗುತ್ತಿತ್ತು. ಕೊಟ್ಟವನು ಸಂಜೆ ಏರಿಯ ಮೇಲೆ ನಡೆದು ತಾನು ಕೊಟ್ಟದ್ದು ಏನಾಯಿತೆಂದು ನೋಡಬಹುದಿತ್ತು. ಇಂಥ ಕಡೆ ತೆರಿಗೆ ದಂಡವಾಗಿ ಕಾಣುವುದಿಲ್ಲ, ಪಾಲಾಗಿ ಕಾಣುತ್ತದೆ.

ಈ ಕೊಂಡಿ ತಪ್ಪಿದರೆ ಏನಾಗುತ್ತದೆಂಬುದನ್ನು 1980ರ ನರಗುಂದ, ನವಲಗುಂದ ತೋರಿಸಿದವು. ಮಲಪ್ರಭಾ ಯೋಜನೆಯ ಅಚ್ಚುಕಟ್ಟಿನ ರೈತರಿಂದ ಸರ್ಕಾರ ಅಭಿವೃದ್ಧಿ ಕರ ಕೇಳಿತು. ನೀರು ಸರಿಯಾಗಿ ಬರಲಿಲ್ಲ, ಬಂದ ಕಡೆ ಭೂಮಿ ಹಾಳಾಯಿತು, ಕರ ಯಾಕೆ ಕೊಡಬೇಕು ಎಂಬುದು ರೈತರ ಪ್ರಶ್ನೆ. ಉತ್ತರವಾಗಿ ಬಂದದ್ದು ಒತ್ತಾಯದ ವಸೂಲಿ. ಜುಲೈ 21ರಂದು ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ಅದರ ಬೆನ್ನಿಗೇ ಬೆಳೆದ ರೈತ ಸಂಘದ ಚಳವಳಿಯ ಕಾಲದಲ್ಲಿ, ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಎಂಬ ಬೋರ್ಡುಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಬಾಕಿಗಾಗಿ ಹೊರಟವರು ಊರಿನ ನಂಬಿಕೆಯನ್ನೇ ಕಳೆದುಕೊಂಡು ಬಂದಿದ್ದರು.

ಹೊರದೇಶದ ಅನುಭವವೂ ಬೇರೆಯಲ್ಲ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಮನೆ ತೆರಿಗೆಯನ್ನು ತೆಗೆದು ತಲೆಗಂದಾಯವನ್ನು ತಂದಿತು. ಸ್ಕಾಟ್ಲೆಂಡಿನಲ್ಲಿ 1989ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1990ರಲ್ಲಿ. ಬಂಗಲೆಯ ಧಣಿಗೂ ಅದೇ ಊರಿನ ಕೂಲಿಗೂ ಒಂದೇ ಮೊತ್ತ. ಲಕ್ಷಾಂತರ ಜನ ಕಟ್ಟಲಿಲ್ಲ. 1993ರಲ್ಲಿ ಆ ತೆರಿಗೆ ಹೋಯಿತು, ಬಾಕಿ ಹೋಗಲಿಲ್ಲ. ಹಳೆಯ ಬಾಕಿಯನ್ನು ಬೆನ್ನಟ್ಟುವುದು ಸಾಕೆಂದು ಸ್ಕಾಟ್ಲೆಂಡಿನ ಶಾಸನಸಭೆ ಕಾನೂನು ಮಾಡಿದ್ದು 2015ರಲ್ಲಿ! ನ್ಯಾಯವಲ್ಲವೆಂದು ಜನ ಬಗೆದ ತೆರಿಗೆಯ ಬಾಕಿ ತೆರಿಗೆಗಿಂತ ದೀರ್ಘಾಯು.

ನೆರೆಯವನ ಮೇಲೆ ತೆರಿಗೆ

ಇಂದು ಮನೆ ಕಂದಾಯದ ಹೊಣೆ ಇರುವುದು ಗ್ರಾಮ ಪಂಚಾಯಿತಿಗಳ ಮೇಲೆ. ಮೈಸೂರು ಸಂಸ್ಥಾನದಲ್ಲಿ 1918 ಮತ್ತು 1926ರ ಶಾಸನಗಳು ಗ್ರಾಮ ಪಂಚಾಯಿತಿಗೆ ಬುನಾದಿ ಹಾಕಿದವು. ಸ್ವಾತಂತ್ರ್ಯಾನಂತರ 1959ರ ಕಾಯ್ದೆ ಬಂತು. ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1983ರ ಕಾಯ್ದೆಯಂತೆ, ಮಂಡಲ ಪಂಚಾಯಿತಿಗಳು ಬಂದವು. ಈಗ ಜಾರಿಯಲ್ಲಿರುವುದು 1993ರ ಪಂಚಾಯತ್ ರಾಜ್ ಕಾಯ್ದೆ. ಕಟ್ಟಡ, ನಿವೇಶನಗಳ ಮೇಲೆ ತೆರಿಗೆ, ನೀರಿನ ದರ ಮುಂತಾದವನ್ನು ವಿಧಿಸುವ ಅಧಿಕಾರ ಅದರಲ್ಲಿದೆ. ಮೊದಲು ಬಿಲ್ಲು, ಆಮೇಲೆ ತಗಾದೆ ನೋಟಿಸು, ಕೊನೆಗೆ ಜಪ್ತಿ ಎಂಬ ಮೆಟ್ಟಿಲುಗಳೂ ಇವೆ. ಅಧಿಕಾರಕ್ಕೆ ಕೊರತೆ ಇಲ್ಲ.

ಕೊರತೆ ಇರುವುದು ಅಧಿಕಾರ ಚಲಾಯಿಸುವ ಮನಸ್ಸಿಗೆ. ಅದಕ್ಕೂ ಅರ್ಥವಾಗುವಂಥ ಕಾರಣವಿದೆ. ರಾಜನ ಅಮಲ್ದಾರ ಎಲ್ಲಿಂದಲೋ ಬಂದವನು. ಪಂಚಾಯಿತಿ ಸದಸ್ಯ ಅದೇ ಬೀದಿಯವನು, ಬಾಕಿದಾರ ಅವನ ಚಿಕ್ಕಪ್ಪನೋ ಮತದಾರನೋ ಆಗಿರುತ್ತಾನೆ. ದೆಹಲಿ, ಬೆಂಗಳೂರುಗಳಿಂದ ಅನುದಾನ ಬರುವಾಗ ನೆರೆಮನೆಯವನ ದ್ವೇಷ ಯಾಕೆ ಕಟ್ಟಿಕೊಳ್ಳಬೇಕು ಎಂದು ಅವನು ಸುಮ್ಮನಾಗುತ್ತಾನೆ. ಆದರೆ ಅನುದಾನಕ್ಕೆ ಅದರದೇ ಷರತ್ತುಗಳಿರುತ್ತವೆ. ಕೆಟ್ಟ ಮೋಟಾರು ರಿಪೇರಿಗೆ, ಕಟ್ಟಿದ ಚರಂಡಿಗೆ, ಆರಿದ ಬೀದಿದೀಪಕ್ಕೆ ತಕ್ಷಣ ಬೇಕಾಗುವುದು ಪಂಚಾಯಿತಿಯ ಸ್ವಂತ ಹಣ. ನೀರುಗಂಟಿಯ, ಬಿಲ್ ಕಲೆಕ್ಟರನ ಸಂಬಳವೂ ಬಹುಕಾಲ ಇದೇ ಹಣವನ್ನು ನೆಚ್ಚಿಕೊಂಡಿತ್ತು. ಕಂದಾಯ ಬಾರದೆ ನೀರು ನಿಲ್ಲುತ್ತದೆ, ನೀರು ನಿಂತದ್ದರಿಂದ ಕಂದಾಯ ಬರುವುದಿಲ್ಲ. ಈ ಗಾಣದ ಸುತ್ತು ಎಲ್ಲಾದರೂ ಒಂದು ಕಡೆ ನಿಲ್ಲಬೇಕು.

ನಿಲ್ಲಿಸುವ ಬಗೆ ಹೇಗೆ? ಚರಿತ್ರೆ ಹೇಳುವ ಕ್ರಮದಲ್ಲೇ ಹೋಗುವುದಾದರೆ ಮೊದಲನೆಯದು ಪುಸ್ತಕ. ಬೇಡಿಕೆ, ವಸೂಲಿ, ಬಾಕಿಗಳ ವಹಿ ನಿಜ ಹೇಳಬೇಕು. ಸತ್ತವರ ಹೆಸರು, ಬಿದ್ದುಹೋದ ಮನೆ, ಭಾಗವಾದ ಹಿಸ್ಸೆ ಇವು ಹಾಗೆಯೇ ಉಳಿದರೆ ಬಾಕಿಯ ಮೊತ್ತ ಕಾಗದದ ಮೇಲೆ ಬೆಳೆಯುತ್ತಲೇ ಇರುತ್ತದೆ. ಅದನ್ನು ಯಾರೂ ಕೊಡಲಾರರು. ಹಂಚಿನ ಮನೆ ಇದ್ದಲ್ಲಿ ಮೂರಂತಸ್ತು ಎದ್ದಿರಬಹುದು. ಹಿಂದೆ ಮಹಾರಾಜರ ಬೇಟೆ ಬಂಗಲೆ ಇದ್ದ ಕಾರಾಪುರದ ದಂಡೆಯಲ್ಲಿ ಇಂದು ಪ್ರವಾಸಿಗಳ ವಸತಿಧಾಮಗಳಿವೆ. ಊರು ಬದಲಾದಂತೆ ಅಳತೆಯೂ ಬದಲಾಗಬೇಕು. ಅಳತೆಯಾಗಲಿ ವಸೂಲಿಯಾಗಲಿ, ದೊಡ್ಡ ಕಟ್ಟಡದಿಂದ ಆರಂಭವಾಗಬೇಕು. ದೊಡ್ಡವರ ಬಾಕಿ ಬಿಟ್ಟು ಗುಡಿಸಲಿನ ಬಾಗಿಲು ತಟ್ಟುವ ಪಂಚಾಯಿತಿಗೆ ಜನರೆದುರು ತಲೆ ಎತ್ತಲಾಗದು.

ಎರಡನೆಯದು ಕಾಲ. ಸುಗ್ಗಿಗೆ ಹೊಂದುವ ಕಂತು, ಸಂತೆಯ ದಿನ ಸಂತೆಮಾಳದಲ್ಲೇ ಒಂದು ಮೇಜು, ಅಲ್ಲೇ ಕೈಗೆ ರಸೀದಿ. ಕಂದಾಯದ ಬಾಕಿ ಉಳಿಸಿಕೊಂಡ ಮನೆಯ ಹೆಂಗಸರೇ ಸ್ತ್ರೀಶಕ್ತಿ ಸಂಘಕ್ಕೆ ವಾರವಾರವೂ ಉಳಿತಾಯ ಕಟ್ಟುವುದುಂಟು. ಸಣ್ಣ ಮೊತ್ತ, ಗೊತ್ತಾದ ದಿನ, ಗುರುತಿನ ಮುಖ – ಇಷ್ಟಿದ್ದರೆ ಬಡವರೂ ಕಟ್ಟುತ್ತಾರೆ. ಇಂಥ ಸಂಘಗಳ ನೆರವನ್ನು ಪಂಚಾಯಿತಿ ಪಡೆಯಬಹುದು. ಆದರೆ ಎಚ್ಚರವೂ ಬೇಕು. ವಾರದ ಕಂತಿನ ಹೆಸರಿನಲ್ಲಿ ಕಿರುಸಾಲದವರು ಕೊಟ್ಟ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಶರತ್ತಿನ ಅಮಲ್ದಾರ ಬೇರೆ ಬೇರೆ ವೇಷದಲ್ಲಿ ಬರುತ್ತಾನೆ.

ಮೂರನೆಯದು ಕಾಣುವಿಕೆ. ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಲೆಕ್ಕವನ್ನು ಜನರ ಮುಂದೆ ಓದುವುದು ಅದರ ಉದ್ದೇಶ. ಅದು ಸಹಿ ಹಾಕಿ ಮುಗಿಸುವ ಶಾಸ್ತ್ರವಾಗದೆ, ಈ ಬೀದಿಯಿಂದ ಇಷ್ಟು ಬಂತು, ಈ ಬೀದಿಗೆ ಇಷ್ಟು ಖರ್ಚಾಯಿತು ಎಂದು ಗೋಡೆಯ ಮೇಲೆ ಬರೆಯುವ ಸಂದರ್ಭವಾಗಬೇಕು. ಬಾಕಿದಾರರ ಮನೆ ಮುಂದೆ ತಮಟೆ ಬಡಿಸುವುದನ್ನು ಕೆಲವು ನಗರಸಭೆಗಳು, ಪಂಚಾಯಿತಿಗಳು ಮಾಡಿ ನೋಡಿವೆ. ಕಟ್ಟಬಲ್ಲ ಸಿರಿವಂತನಿಗೆ ಅದರಿಂದ ನಾಚಿಕೆಯಾಗಬಹುದು. ಕೈಲಾಗದವನಿಗೆ ಅದು ಅವಮಾನ ಮಾತ್ರ. ತಮಟೆ ಹಿಡಿಯಬೇಕಾದವರು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 2010ರ ದಶಕದ ಆರಂಭದಲ್ಲಿ ಬೇರೊಂದು ಪ್ರಯೋಗ ನಡೆಯಿತು. ನಿಮ್ಮ ಸುತ್ತಮುತ್ತಲಿನ ಹೆಚ್ಚಿನವರು ಈಗಾಗಲೇ ತೆರಿಗೆ ಕಟ್ಟಿದ್ದಾರೆ ಎಂಬ ಒಂದು ಸಾಲನ್ನು ಬಾಕಿಯ ಪತ್ರದಲ್ಲಿ ಸೇರಿಸಿದಾಗ ಹೆಚ್ಚು ಜನ ಹಣ ಕಟ್ಟಿದರು. ಕೊಡದವನನ್ನು ಬೈಯುವುದಕ್ಕಿಂತ ಕೊಟ್ಟವರನ್ನು ನೆನೆಯುವುದು ಅಗ್ಗದ ಉಪಾಯವೂ ಹೌದು, ಗೌರವದ ಉಪಾಯವೂ ಹೌದು.

ಇನ್ನು ಬಡ್ಡಿ ಮನ್ನಾ. ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆ 2024ರಲ್ಲಿ ಒಂದು ಬಾರಿಯ ತೀರುವಳಿ ಯೋಜನೆ ತಂದು ಬಾಕಿದಾರರಿಗೆ ಬಡ್ಡಿ, ದಂಡಗಳಲ್ಲಿ ರಿಯಾಯಿತಿ ಕೊಟ್ಟಿತು. ಹಳೆಯ ಗಂಟು ಬಿಚ್ಚಲು ಒಮ್ಮೆ ಇದು ಸರಿ. ಮತ್ತೆ ಮತ್ತೆ ಮಾಡಿದರೆ ಗಡುವಿನೊಳಗೆ ಕಟ್ಟಿದವನು ತಾನೇ ಮೂರ್ಖನೆಂದುಕೊಳ್ಳುತ್ತಾನೆ. ಬೆಳೆ ಹೋದಾಗ ಪರಿಶೀಲನೆ ನಡೆಸಿ ಕಂದಾಯದಲ್ಲಿ ಸೋಡಿ ಕೊಡುವುದು ಹಳೆಯ ಕ್ರಮ. ಕೊಡಲಾಗದವನಿಗೂ ಕೊಡಲೊಲ್ಲದವನಿಗೂ ಇರುವ ವ್ಯತ್ಯಾಸವನ್ನು ಅದು ಗುರುತಿಸುತ್ತಿತ್ತು. ಈ ವ್ಯತ್ಯಾಸವನ್ನು ಗುರುತಿಸಬಲ್ಲವರು ಊರಿನವರೇ ಹೊರತು ದೂರದ ಕಚೇರಿಯಲ್ಲ. ನೆರೆಹೊರೆಯ ಆಡಳಿತ ದೌರ್ಬಲ್ಯವೆಂದು ಕಂಡದ್ದು ಇಲ್ಲಿ ಬಲವಾಗುತ್ತದೆ.

ರಸೀದಿ ಎಂಬ ಕಾಗದ

ಕೊನೆಯದಾಗಿ, ಮೂರನೆಯ ಉತ್ತರ ಕೊಟ್ಟವರ ಬಳಿಗೆ ಬರೋಣ. ಕಬಿನಿ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಾಗ ಊರುಗಳು ಮುಳುಗಿದವು, ಮನೆಗಳು ಎದ್ದು ಬೇರೆಡೆ ಹೋದವು. ಕಾಡಿನೊಳಗಿದ್ದ ಜೇನುಕುರುಬ, ಕಾಡುಕುರುಬ ಕುಟುಂಬಗಳು ವನ್ಯಜೀವಿ ರಕ್ಷಣೆಯ ಕಾನೂನುಗಳ ಬಳಿಕ ಹೊರಗೆ ಬಂದು ಹಾಡಿಗಳಲ್ಲಿ ನೆಲೆಸಿದವು. ಸ್ಥಳಾಂತರಗೊಂಡವರ ಕಾಲೊನಿಗಳಲ್ಲಿ, ಹಾಡಿಗಳಲ್ಲಿ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಎಳೆದಾಡಿದೆ. 2013ರ ಸುಮಾರಿಗೆ ಬಂದ ಇ-ಸ್ವತ್ತು ವ್ಯವಸ್ಥೆ ಗ್ರಾಮದ ಆಸ್ತಿಗಳಿಗೆ ಗಣಕದ ನಮೂನೆ ಕೊಟ್ಟಿತು. ಆದರೆ ಗಣಕಕ್ಕೂ ಮೊದಲು ಕಾಗದ ಬೇಕು.

ಉಳ್ಳವನಿಗೆ ಕಂದಾಯದ ರಸೀದಿ ಒಂದು ಖರ್ಚಿನ ಚೀಟಿ. ಇಲ್ಲದವನಿಗೆ ಅದು ಬೇರೆಯೇ ವಸ್ತು. ಕಂದಾಯ ಕಟ್ಟಿದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ, ನಿಜ. ಆದರೂ ಇಂಥ ಊರಿನಲ್ಲಿ, ಇಂಥ ಮನೆಯಲ್ಲಿ, ಇಂಥವನು ವಾಸವಾಗಿದ್ದಾನೆ ಎಂದು ಸರ್ಕಾರ ಕೈಯಾರೆ ಬರೆದುಕೊಟ್ಟ ಸಾಕ್ಷಿ ಅದು. ಕರೆಂಟಿಗೆ ಅರ್ಜಿ ಹಾಕುವಾಗ, ಕಚೇರಿಯಿಂದ ಕಚೇರಿಗೆ ಅಲೆಯುವಾಗ ಅವನು ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಹೋಗುವುದು ಅದನ್ನೇ. ಒಂದು ಕಡೆ ಕಟ್ಟಬಲ್ಲವರು ಕಟ್ಟುತ್ತಿಲ್ಲ, ಇನ್ನೊಂದು ಕಡೆ ಕಟ್ಟಲು ಬಯಸುವವರ ಹೆಸರು ಪುಸ್ತಕದಲ್ಲಿಲ್ಲ. ಬಾಕಿಯ ಲೆಕ್ಕದಲ್ಲಿ ಮೊದಲಿನವರು ಕಾಣುತ್ತಾರೆ, ಎರಡನೆಯವರು ಕಾಣುವುದೇ ಇಲ್ಲ.

ಬಾಕಿ, ವಸೂಲಿ, ತಗಾದೆ, ಜಪ್ತಿ, ಜಮಾಬಂದಿ, ರಸೀದಿ – ಈ ಮಾತುಗಳೆಲ್ಲ ಅರಬ್ಬಿ, ಪಾರಸಿಗಳಿಂದ ದರ್ಬಾರಿನ ದಾರಿಯಲ್ಲಿ ಕನ್ನಡಕ್ಕೆ ಬಂದವು. ಅದೇ ದಾರಿಯಲ್ಲಿ ಬಂದ ಇನ್ನೊಂದು ಚೆಂದದ ಮಾತಿದೆ, ‘ಬೇಬಾಕಿ’. ಏನೂ ಉಳಿಸಿಕೊಂಡಿಲ್ಲ ಎಂದರ್ಥ. ಚುನಾವಣೆಗೆ ನಿಲ್ಲುವವರು ಪಂಚಾಯಿತಿ ಕಚೇರಿಗೆ ಓಡಿ ಬಂದು ಬೇಬಾಕಿ ಪತ್ರ ಕೇಳುವುದನ್ನು ನೋಡಿದ್ದೇವೆ. ಪ್ರಜೆಯಿಂದ ಬೇಬಾಕಿ ಕೇಳುವ ಪಂಚಾಯಿತಿ ತಾನೂ ಪ್ರಜೆಗೆ ಒಂದು ಬೇಬಾಕಿ ಪತ್ರ ಕೊಡಬಲ್ಲುದೇ? ನಲ್ಲಿಯಲ್ಲಿ ನೀರು, ಬೀದಿಯಲ್ಲಿ ದೀಪ, ಪುಸ್ತಕದಲ್ಲಿ ಹೆಸರು – ಈ ಮೂರು ಬಾಕಿಗಳನ್ನು ಅದು ಮೊದಲು ತೀರಿಸಲಿ. ಆಗ ಮಾರ್ಚ್ ತಿಂಗಳಲ್ಲಿ ಅಂತರಸಂತೆಯ ಬೀದಿಗೆ ಇಳಿದ ಬಿಲ್ ಕಲೆಕ್ಟರನಿಗೆ “ಬಾ ಅಣ್ಣ, ಕೂತ್ಕೊ, ಎಷ್ಟಾಯ್ತು ನೋಡು” ಎಂಬ ನಾಲ್ಕನೆಯ ಉತ್ತರವೂ ಸಿಗಬಹುದು.